ಇಳಿಜಾರಿನ ಟ್ರ್ಯಾಕ್ಟರ್ ಮತ್ತು ಹೊಣೆಯ ಪ್ರಶ್ನೆ

ಇಳಿಜಾರು ನೆಲದಲ್ಲಿ ಟ್ರ್ಯಾಕ್ಟರ್ ಮಗುಚಿ ಅದರ ಅಡಿಯಲ್ಲಿ ಸಿಕ್ಕ ಚಾಲಕ ಸತ್ತನೆಂಬ ಸುದ್ದಿ ಬಂದಾಗಲೆಲ್ಲ ಅದಕ್ಕೆ ಕೊಡುವ ಕಾರಣ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: ಚಾಲಕನ ನಿಯಂತ್ರಣ ತಪ್ಪಿತು. ಪತ್ರಿಕೆಯ ವರದಿಯಲ್ಲಿ, ಊರಿನ ಕಟ್ಟೆಯ ಮಾತಿನಲ್ಲಿ, ಬಹಳ ಸಲ ಠಾಣೆಯ ದಾಖಲೆಯಲ್ಲಿಯೂ ವಿಚಾರ ಅಲ್ಲಿಗೇ ನಿಂತುಬಿಡುತ್ತದೆ. ಸತ್ತವನ ಮೇಲೆ ಹೊಣೆ ಹೊರಿಸಿಯಾದ ಮೇಲೆ ಉಳಿದವರಿಗೆ ಕೇಳಿಕೊಳ್ಳಲು ಪ್ರಶ್ನೆಗಳೇ ಇರುವುದಿಲ್ಲವಾದ್ದರಿಂದ, ಅದೇ ದಾರಿಯಲ್ಲಿ ಅದೇ ಬಗೆಯ ಯಂತ್ರ ಅಷ್ಟೇ ಹೊರೆ ಹೊತ್ತು ಮರುವಾರ ಮತ್ತೆ ಇಳಿಯುತ್ತದೆ. ಆದರೆ ಟ್ರ್ಯಾಕ್ಟರ್ ಮಗುಚುವ ಕ್ರಿಯೆಯನ್ನು ಹಂತಹಂತವಾಗಿ ಬಿಡಿಸಿ ನೋಡಿದಾಗ, ಅದನ್ನು ತಡೆಯುವಷ್ಟು ಸಮಯವೇ ಚಾಲಕನ ಕೈಯಲ್ಲಿ ಇರುವುದಿಲ್ಲವೆಂಬುದೂ, ಅವನ ಅಳಿವು ಉಳಿವನ್ನು ನಿರ್ಧರಿಸುವ ಸಂಗತಿಗಳಲ್ಲಿ ಹೆಚ್ಚಿನವು ಅವನು ಸೀಟಿನ ಮೇಲೆ ಕೂರುವ ಮೊದಲೇ, ಅನೇಕ ವೇಳೆ ಬೇರೆಯವರಿಂದಲೇ, ತೀರ್ಮಾನವಾಗಿರುತ್ತವೆಂಬುದೂ ಸ್ಪಷ್ಟವಾಗುತ್ತದೆ. ಆದ್ದರಿಂದ ಇಳಿಜಾರಿನ ಸುರಕ್ಷತೆಯನ್ನು ಚಾಲಕನ ಜಾಣತನಕ್ಕೆ ಬಿಟ್ಟುಕೊಡದೆ, ಯಂತ್ರದ ರಚನೆ, ನೆಲದ ಬಳಕೆ ಮತ್ತು ದುಡಿಮೆಯ ಕರಾರು ಈ ಮೂರರ ವಿಷಯವಾಗಿ ಪರಿಶೀಲಿಸುವುದು ಅಗತ್ಯವಾಗಿದೆ.

ಇಳಿಜಾರು ಎಂದೊಡನೆ ಕೊಡಗು, ಚಿಕ್ಕಮಗಳೂರು, ಸಕಲೇಶಪುರ, ತೀರ್ಥಹಳ್ಳಿ, ಸಿರ್ಸಿ ಸೀಮೆಗಳ ಕಾಫಿ ಮತ್ತು ಅಡಿಕೆ ತೋಟಗಳು, ಗುಡ್ಡದ ಮಗ್ಗುಲಿನ ಶುಂಠಿ ಹೊಲಗಳು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆಗಳು ನೆನಪಾಗುವುದು ಸಹಜವೇ. ಆದರೆ ಸಮತಟ್ಟೆಂದು ತಿಳಿದಿರುವ ಬಯಲುಸೀಮೆಯಲ್ಲಿಯೂ ಟ್ರ್ಯಾಕ್ಟರ್ ದಿನವೊಂದರಲ್ಲಿ ಹಲವು ಸಲ ಇಳಿಜಾರನ್ನು ದಾಟುತ್ತದೆ. ಕೆರೆಯ ಏರಿಯ ಮೇಲಿನ ಕಿರುದಾರಿ, ನಾಲೆಯ ದಂಡೆ, ತಗ್ಗಿನ ಹೊಲದಿಂದ ಎತ್ತರದ ಡಾಂಬರು ರಸ್ತೆಗೆ ಹತ್ತಿಸಿದ ಮಣ್ಣಿನ ಏರು, ಹೂಳು ತೆಗೆಯಲೆಂದು ಕೆರೆಯ ಅಂಗಳಕ್ಕೆ ಇಳಿಸಿದ ದಾರಿ ಇವೆಲ್ಲ ಇಳಿಜಾರುಗಳೇ ಆಗಿವೆ. ಉದ್ದ ಕಡಿಮೆಯಿರುವುದರಿಂದ ಯಾರೂ ಅವನ್ನು ಇಳಿಜಾರೆಂದು ಎಣಿಸುವುದಿಲ್ಲ. ಮಂಡ್ಯದ ಕಬ್ಬಿನ ಗದ್ದೆಯಿಂದ ಲೋಡಾಗಿ ಹೊರಬರುವ ಟ್ರೈಲರ್‌ಗೆ ರಸ್ತೆಯಂಚಿನ ಹತ್ತಡಿ ಏರು ಮಡಿಕೇರಿಯ ತೋಟದ ಇಳಿಜಾರಿನಷ್ಟೇ ಅಪಾಯಕಾರಿಯಾಗಬಲ್ಲದೆಂಬುದನ್ನು ಮೊದಲೇ ಹೇಳಿಕೊಳ್ಳುವುದು ಒಳ್ಳೆಯದು.

ಯಾವುದೇ ವಸ್ತುವಿನ ಇಡೀ ತೂಕ ಒಂದೆಡೆ ಕೂಡಿದೆಯೆಂದು ಲೆಕ್ಕಕ್ಕೆ ಹಿಡಿಯಬಹುದಾದ ಬಿಂದುವನ್ನು ಗುರುತ್ವ ಕೇಂದ್ರವೆನ್ನುತ್ತಾರೆ. ಆ ಬಿಂದುವಿನಿಂದ ನೇರ ಕೆಳಕ್ಕೆ ಇಳಿಬಿಟ್ಟ ಗೆರೆ ವಸ್ತುವಿನ ಆಧಾರದ ಒಳಗೆ ಬೀಳುವವರೆಗೆ ವಸ್ತು ನಿಲ್ಲುತ್ತದೆ, ಹೊರಗೆ ಬಿದ್ದೊಡನೆ ಉರುಳುತ್ತದೆ. ಬೆಳೆಯ ಸಾಲುಗಳ ಮೇಲೆ ಹಾಯ್ದು ಹೋಗಬೇಕಾದ ಟ್ರ್ಯಾಕ್ಟರಿನ ಹೊಟ್ಟೆ ನೆಲದಿಂದ ಮೇಲಿರಲೇಬೇಕಾದ್ದರಿಂದ ಅದರ ಗುರುತ್ವ ಕೇಂದ್ರ ಕಾರಿನದಕ್ಕಿಂತ ಬಹಳ ಎತ್ತರದಲ್ಲಿರುತ್ತದೆ. ಇದು ಎಲ್ಲರಿಗೂ ಊಹೆಗೆ ನಿಲುಕುವ ಸಂಗತಿ. ಅಷ್ಟು ಸುಲಭವಾಗಿ ಕಾಣದಿರುವ ಇನ್ನೊಂದು ಸಂಗತಿಯೆಂದರೆ, ಟ್ರ್ಯಾಕ್ಟರಿನ ಮುಂದಿನ ಅಚ್ಚು ಅದರ ಒಡಲಿಗೆ ಎರಡೂ ಬದಿಯಲ್ಲಿ ಬಿಗಿಯಾಗಿರದೆ ನಡುವಿನ ಒಂದೇ ಪಿನ್ನಿನ ಮೇಲೆ ತೂಗಾಡುವಂತೆ ಜೋಡಣೆಯಾಗಿರುವುದು. ಏರುಪೇರಾದ ಹೊಲದಲ್ಲಿ ನಾಲ್ಕು ಚಕ್ರಗಳೂ ನೆಲ ಬಿಡದಿರಲೆಂದು ಮಾಡಿದ ಈ ಏರ್ಪಾಟಿನ ಪರಿಣಾಮವಾಗಿ, ಒಡಲು ಪಕ್ಕಕ್ಕೆ ವಾಲತೊಡಗಿದಾಗ ಮುಂದಿನ ಚಕ್ರಗಳು, ಅಚ್ಚು ತನ್ನ ತಡೆಗೆ ತಾಗುವವರೆಗೂ, ಯಾವ ಆಸರೆಯನ್ನೂ ಕೊಡುವುದಿಲ್ಲ. ಹೊರಗಿನಿಂದ ನಾಲ್ಕು ಚಕ್ರಗಳ ವಾಹನವಾಗಿ ಕಾಣುವ ಟ್ರ್ಯಾಕ್ಟರ್, ಹಿಂದಿನ ಎರಡು ಚಕ್ರಗಳು ಮತ್ತು ಮುಂದಿನ ಪಿನ್ನು ಸೇರಿ ಆಗುವ ತ್ರಿಕೋನದ ಮೇಲೆ, ಮೂರು ಕಾಲಿನ ಮಣೆಯಂತೆ ನಿಂತಿರುತ್ತದೆ.

ಈ ರಚನೆಯಿಂದ ಚಾಲಕನಿಗೆ ಇನ್ನೊಂದು ತೊಂದರೆಯೂ ಒದಗುತ್ತದೆ. ಅವನ ಕಣ್ಣಿಗೆ ಕಾಣುವುದು ಮುಂದಿನ ಚಕ್ರಗಳು. ಅವು ನೆಲದ ಏರಿಳಿತವನ್ನು ಅಚ್ಚಿನ ತೂಗಾಟದಲ್ಲಿ ನುಂಗಿಕೊಂಡು ಒಡಲಿಗೆ ಮುಟ್ಟಿಸದೆ ಸಾಗುತ್ತವೆ. ಮಗುಚುವುದನ್ನು ತೀರ್ಮಾನಿಸುವ ಹಿಂದಿನ ಚಕ್ರಗಳು ಅವನ ಬೆನ್ನ ಹಿಂದೆ, ಮಡ್‌ಗಾರ್ಡಿನ ಮರೆಯಲ್ಲಿ ಇರುತ್ತವೆ. ಮುಂದಿನ ಚಕ್ರ ಸುಗಮವಾಗಿ ದಾಟಿದ ಕಲ್ಲನ್ನು ಹಿಂದಿನ ಚಕ್ರ ಹತ್ತಿದಾಗಲೇ ಅಪಾಯ ಅವನಿಗೆ ತಿಳಿಯುತ್ತದೆ.

ಇದನ್ನು ಅಂಕಿಗಳಲ್ಲಿ ನೋಡಬಹುದು. ಹಿಂದಿನ ಚಕ್ರಗಳ ನಡುವಿನ ಅಗಲ 130 ಸೆಂಟಿಮೀಟರ್, ಗುರುತ್ವ ಕೇಂದ್ರದ ಎತ್ತರ 75 ಸೆಂಟಿಮೀಟರ್ ಇರುವ ಒಂದು ಟ್ರ್ಯಾಕ್ಟರನ್ನು ಲೆಕ್ಕಕ್ಕೆ ಇಟ್ಟುಕೊಂಡರೆ, ಅದರ ಆಧಾರ ಪೂರ್ಣ ಆಯತವಾಗಿದ್ದ ಪಕ್ಷದಲ್ಲಿ ಅದು ಪಕ್ಕಕ್ಕೆ 41 ಡಿಗ್ರಿಯಷ್ಟು ವಾಲುವವರೆಗೂ ನಿಲ್ಲಬಲ್ಲದು. ತ್ರಿಕೋನದ ಕಾರಣದಿಂದ ಆ ಮಿತಿ ಸುಮಾರು 35 ಡಿಗ್ರಿಗೆ ಇಳಿಯುತ್ತದೆ. ಇಳಿಜಾರು ಕೇವಲ 12 ಡಿಗ್ರಿಯದೆಂದೂ ಟ್ರ್ಯಾಕ್ಟರ್ ಅದಕ್ಕೆ ಅಡ್ಡಲಾಗಿ ಸಾಗುತ್ತಿದೆಯೆಂದೂ ಇಟ್ಟುಕೊಂಡರೆ ಇನ್ನೂ 23 ಡಿಗ್ರಿ ಉಳಿದಿರುವಂತೆ ತೋರುತ್ತದೆ. ಆದರೆ ಏರಿನ ಕಡೆಯ ಹಿಂಚಕ್ರ 20 ಸೆಂಟಿಮೀಟರ್ ಎತ್ತರದ ಒಂದು ಕಲ್ಲನ್ನು ಹತ್ತಿದರೆ ವಾಲುವಿಕೆಗೆ 9 ಡಿಗ್ರಿ ಸೇರುತ್ತದೆ. ಅದೇ ಗಳಿಗೆಯಲ್ಲಿ ತಗ್ಗಿನ ಕಡೆಯ ಚಕ್ರ ಅಷ್ಟೇ ಆಳದ ಗುಳಿಗೆ ಇಳಿದರೆ ಇನ್ನೊಂದು 9 ಡಿಗ್ರಿ ಸೇರಿ ಒಟ್ಟು 30 ಆಗುತ್ತದೆ. ಉಳಿದ 5 ಡಿಗ್ರಿಯನ್ನು ತಗ್ಗಿನ ಕಡೆಯ ಟೈರು ಭಾರಕ್ಕೆ ಕುಸಿಯುವುದು, ಗುಳಿಗೆ ಧುಮುಕಿದ ರಭಸ, ಮಳೆಗೆ ಸಡಿಲಗೊಂಡ ಬದುವಿನ ಅಂಚು ಇವುಗಳಲ್ಲಿ ಯಾವುದಾದರೊಂದು ತಿಂದುಹಾಕಲು ಸಾಕು. ಇಲ್ಲಿ ಚಾಲಕ ವಿಶೇಷವಾದ ಯಾವ ತಪ್ಪನ್ನೂ ಮಾಡಿಲ್ಲವೆಂಬುದನ್ನು ಗಮನಿಸಬೇಕು. ಮೊಣಕಾಲಿನ ಅರ್ಧಕ್ಕೂ ಬಾರದ ಒಂದು ಕಲ್ಲು ಮತ್ತು ಹುಲ್ಲು ಮುಚ್ಚಿದ ಒಂದು ಗುಳಿ, ನೋಡಿದವರೆಲ್ಲ ಸೌಮ್ಯವೆಂದು ಹೇಳುವ ಇಳಿಜಾರನ್ನು ಮಾರಕ ಇಳಿಜಾರಾಗಿ ಮಾಡಿವೆ.

ಇಳಿಜಾರನ್ನು ಅಳೆಯುವ ಎರಡು ಮಾನಗಳ ನಡುವಿನ ಗೊಂದಲವನ್ನೂ ಇಲ್ಲಿಯೇ ನಿವಾರಿಸಿಕೊಳ್ಳಬಹುದು. ಶೇಕಡಾ ಲೆಕ್ಕವೆಂದರೆ ನೂರು ಅಡಿ ಮುಂದೆ ಹೋಗುವಷ್ಟರಲ್ಲಿ ನೆಲ ಎಷ್ಟು ಅಡಿ ಇಳಿಯಿತು ಎಂಬುದು; ಡಿಗ್ರಿಯೆಂದರೆ ಮಟ್ಟನೆಲದೊಂದಿಗೆ ಅದು ಮಾಡುವ ಕೋನ. 45 ಡಿಗ್ರಿಯ ಇಳಿಜಾರು ಶೇ. 100 ಆಗುತ್ತದೆ, ಮೇಲೆ ಹೇಳಿದ 12 ಡಿಗ್ರಿ ಸುಮಾರು ಶೇ. 21 ಆಗುತ್ತದೆ. ಯಂತ್ರದ ಕೈಪಿಡಿಯಲ್ಲಿ ಒಂದು ಮಾನವೂ ಜಲಾನಯನ ಇಲಾಖೆಯ ನಕ್ಷೆಯಲ್ಲಿ ಇನ್ನೊಂದು ಮಾನವೂ ಇದ್ದಾಗ, 20 ಎಂಬ ಅಂಕಿಯನ್ನು ತಪ್ಪಾಗಿ ಓದಿದರೆ ಇಳಿಜಾರಿನ ಅಂದಾಜು ಹೆಚ್ಚುಕಡಿಮೆ ಎರಡು ಪಟ್ಟು ಏರುಪೇರಾಗುತ್ತದೆ.

ನಿಂತ ಟ್ರ್ಯಾಕ್ಟರಿನ ಲೆಕ್ಕಕ್ಕೆ ವೇಗವನ್ನು ಸೇರಿಸಿದಾಗ ಚಿತ್ರ ಇನ್ನಷ್ಟು ಬಿಗಿಯಾಗುತ್ತದೆ. ತಿರುವಿನಲ್ಲಿ ವಾಹನವನ್ನು ಹೊರಕ್ಕೆ ಎಳೆಯುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಎಂಟು ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ತೆಗೆದುಕೊಂಡರೆ ಅದು ಟ್ರ್ಯಾಕ್ಟರಿನ ತೂಕದ ಹತ್ತನೆಯ ಒಂದು ಪಾಲಿನಷ್ಟಿದ್ದು, ವೇಗ 20 ಆದಾಗ ಹತ್ತನೆಯ ನಾಲ್ಕು ಪಾಲಾಗುತ್ತದೆ. ಇಳಿಜಾರಿನಲ್ಲಿ ಅಡ್ಡಲಾಗಿ ಹೋಗುವಾಗ ಮೂತಿಯನ್ನು ಏರಿನ ಕಡೆಗೆ ತಿರುಗಿಸಿದರೆ ಈ ಬಲ ತಗ್ಗಿನ ಕಡೆಗೆ ತಳ್ಳುತ್ತದೆ. ವಾಲುತ್ತಿದೆಯೆಂದು ಅನ್ನಿಸಿದ ಕೂಡಲೇ ತಗ್ಗಿನ ಕಡೆಗೆ ತಿರುಗಿಸಬೇಕೆಂದು ತರಬೇತಿಯಲ್ಲಿ ಹೇಳಿಕೊಡುವುದು ಈ ಕಾರಣಕ್ಕೆ. ಹೆದರಿದ ಮನುಷ್ಯನ ಕೈ ಮಾತ್ರ ಸಹಜವಾಗಿ ಏರಿನ ಕಡೆಗೇ ಸ್ಟೀರಿಂಗನ್ನು ಎಳೆಯುತ್ತದೆ. ಮಳೆಗಾಲಕ್ಕೆ ಮುನ್ನ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯಲು ಅಥವಾ ಕಾಫಿ ಗಿಡಗಳಿಗೆ ನೀರು ಕೊಂಡೊಯ್ಯಲು ಬಳಸುವ ಟ್ಯಾಂಕು ಅರ್ಧ ತುಂಬಿದ್ದಾಗ ಪೂರ್ತಿ ತುಂಬಿದ್ದಕ್ಕಿಂತ ಹೆಚ್ಚು ಚಂಚಲವಾಗಿರುತ್ತದೆ, ಯಾಕೆಂದರೆ ಒಳಗಿನ ದ್ರವ ತಗ್ಗಿನ ಬದಿಗೆ ಸರಿದು ಗುರುತ್ವ ಕೇಂದ್ರವನ್ನೂ ತನ್ನ ಜೊತೆ ಆ ಕಡೆಗೆ ಒಯ್ಯುತ್ತದೆ. ರೋಟವೇಟರನ್ನು ಎತ್ತರಕ್ಕೆ ಎತ್ತಿಕೊಂಡು ಸಾಗುವುದು, ಮುಂದಿನ ಲೋಡರ್ ಬಕೆಟ್ಟನ್ನು ತುಂಬಿ ಮೇಲೆತ್ತಿ ತಿರುಗುವುದು, ಟ್ರೈಲರಿನಲ್ಲಿ ಹುಲ್ಲನ್ನು ಗೋಪುರದಂತೆ ಒಟ್ಟುವುದು ಇವೆಲ್ಲ ಆ ಬಿಂದುವನ್ನು ಮೇಲಕ್ಕೇರಿಸುವ ಕೆಲಸಗಳೇ ಆಗಿವೆ. ಇವುಗಳಲ್ಲಿ ಲೋಡರಿನದು ಎರಡು ಪಟ್ಟು ಕೆಟ್ಟದ್ದು. ಅದು ತೂಕವನ್ನು ಮೇಲಕ್ಕೆ ಮಾತ್ರವಲ್ಲದೆ ಮುಂದಕ್ಕೆ, ಅಂದರೆ ತ್ರಿಕೋನದ ಕಿರಿದಾದ ತುದಿಯ ಕಡೆಗೆ, ಸರಿಸುತ್ತದೆ.

ಪಕ್ಕಕ್ಕೆ ಉರುಳುವುದಕ್ಕಿಂತ ಹಿಂದಕ್ಕೆ ಮಗುಚುವುದು ಅಪರೂಪವಾದರೂ ಹೆಚ್ಚು ಮಾರಕವಾದದ್ದು. ಎಂಜಿನ್ನು ಹಿಂದಿನ ಅಚ್ಚನ್ನು ತಿರುಗಿಸಲು ಯತ್ನಿಸುವಾಗ ಆ ಅಚ್ಚು ಟ್ರ್ಯಾಕ್ಟರಿನ ಒಡಲನ್ನು ಎದುರು ದಿಕ್ಕಿಗೆ ತಿರುಗಿಸಲು ಯತ್ನಿಸುತ್ತಿರುತ್ತದೆ. ಚಕ್ರ ಉರುಳುತ್ತಿರುವವರೆಗೆ ಈ ಎದುರುಬಲ ಕಣ್ಣಿಗೆ ಬೀಳುವುದಿಲ್ಲ. ಚಕ್ರ ಉರುಳಲಾರದೆ ಹೂತುನಿಂತಾಗ ಅಚ್ಚಿನ ಸುತ್ತ ಒಡಲೇ ಮೇಲೇಳುತ್ತದೆ. ಏರು ಹತ್ತುತ್ತಿರುವ ಟ್ರ್ಯಾಕ್ಟರಿನಲ್ಲಿ ಮುಂಭಾಗದ ತೂಕ ಆಗಲೇ ಹಿಂದಕ್ಕೆ ಸರಿದಿರುವುದರಿಂದ ಅದು ಇನ್ನೂ ಸುಲಭವಾಗುತ್ತದೆ. ಮಲೆನಾಡಿನಲ್ಲಿ ಕಡಿದ ಮರದ ದಿಮ್ಮಿಯನ್ನು ಎಳೆಯುವಾಗ ಸರಪಳಿಯನ್ನು ತಗ್ಗಿನಲ್ಲಿರುವ ಡ್ರಾಬಾರಿಗೆ ಕಟ್ಟದೆ ಮೇಲಿನ ಲಿಂಕಿಗೋ ಅಚ್ಚಿನ ಕವಚಕ್ಕೋ ಕಟ್ಟುವ ರೂಢಿಯಿದೆ; ಎಳೆತದ ಬಿಂದು ಅಚ್ಚಿಗಿಂತ ಮೇಲಾದಷ್ಟೂ ಅದು ಒಡಲನ್ನು ಹಿಂದಕ್ಕೆ ಮಗುಚುವ ಸನ್ನೆಗೋಲಾಗುತ್ತದೆ. ಇದಕ್ಕಿಂತಲೂ ಘೋರವಾದದ್ದು ಕೆಸರುಗದ್ದೆಯ ರೂಢಿ. ಹೂತ ಟ್ರ್ಯಾಕ್ಟರನ್ನು ಮೇಲೆತ್ತಲು ಹಿಂದಿನ ಎರಡೂ ಚಕ್ರಗಳಿಗೆ ಅಡ್ಡಲಾಗಿ ಒಂದು ಮರದ ತುಂಡನ್ನು ಸರಪಳಿಯಿಂದ ಬಿಗಿದು, ಕೆಳಗಿನ ಗೇರಿನಲ್ಲಿ ಕ್ಲಚ್ ಬಿಡುತ್ತಾರೆ. ಆ ತುಂಡು ಕೆಸರಿನೊಳಗೆ ಹೋಗಿ ಗಟ್ಟಿ ನೆಲಕ್ಕೆ ತಾಗಿ ನಿಂತ ಮೇಲೆ ಚಕ್ರಗಳಿಗೆ ತಿರುಗುವ ದಾರಿಯೇ ಇರುವುದಿಲ್ಲವಾದ್ದರಿಂದ, ಎಂಜಿನ್ನಿನ ಇಡೀ ಶಕ್ತಿ ಮೂತಿಯನ್ನು ಮೇಲೆತ್ತುವುದರಲ್ಲಿ ವೆಚ್ಚವಾಗುತ್ತದೆ.

ಹೀಗೆ ಮೂತಿ ನೆಲ ಬಿಟ್ಟ ಮೇಲೆ ಸುಮಾರು ಮುಕ್ಕಾಲು ಸೆಕೆಂಡಿನಲ್ಲಿ ಟ್ರ್ಯಾಕ್ಟರ್ ಮರಳಿ ಬಾರದ ಹಂತವನ್ನು ದಾಟುತ್ತದೆ, ಒಂದೂವರೆ ಸೆಕೆಂಡಿನಲ್ಲಿ ಪೂರ್ತಿ ಮಗುಚಿ ಬೀಳುತ್ತದೆ ಎಂಬುದು ಕೃಷಿ ಎಂಜಿನಿಯರಿಂಗ್ ತರಬೇತಿಗಳಲ್ಲಿ ಕೊಡುವ ಲೆಕ್ಕ. ಅಪಾಯವನ್ನು ಕಂಡು, ಗುರುತಿಸಿ, ಕಾಲನ್ನು ಕ್ಲಚ್ಚಿನ ಮೇಲೆ ಒತ್ತಲು ಎಚ್ಚರವಾಗಿರುವ ಮನುಷ್ಯನಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕಾಗುತ್ತದೆ. ಚಾಲಕನ ನಿಯಂತ್ರಣ ತಪ್ಪಿತೆಂಬ ಷರಾದ ಪೊಳ್ಳುತನ ಇಲ್ಲಿ ಬಯಲಾಗುತ್ತದೆ, ಯಾಕೆಂದರೆ ಮನುಷ್ಯಮಾತ್ರದವರಿಗೆ ಸಾಧ್ಯವಿಲ್ಲದ ವೇಗದಲ್ಲಿ ಆಗುವ ಘಟನೆಯನ್ನು ನಿಯಂತ್ರಿಸಲಿಲ್ಲವೆಂದು ಒಬ್ಬನನ್ನು ದೂರುವುದರಲ್ಲಿ ಅರ್ಥವಿಲ್ಲ.

ಯಂತ್ರದ ದೋಷವನ್ನು ಯಂತ್ರದಲ್ಲಿಯೇ ತಿದ್ದಬಹುದೆಂಬುದಕ್ಕೆ ಟ್ರ್ಯಾಕ್ಟರಿನ ಇತಿಹಾಸವೇ ಸಾಕ್ಷಿಯಾಗಿದೆ. ಹೆನ್ರಿ ಫೋರ್ಡ್ 1917ರಲ್ಲಿ ಮಾರುಕಟ್ಟೆಗೆ ತಂದ ಫೋರ್ಡ್‌ಸನ್ ಟ್ರ್ಯಾಕ್ಟರ್ ಹಗುರವಾದದ್ದೂ ಅಗ್ಗವಾದದ್ದೂ ಆಗಿದ್ದು ಲಕ್ಷಾಂತರ ರೈತರನ್ನು ತಲುಪಿತಾದರೂ, ನೇಗಿಲು ಬೇರಿಗೋ ಬಂಡೆಗೋ ಸಿಕ್ಕಿದಾಗ ಹಿಂದಕ್ಕೆ ಮಗುಚಿ ಚಾಲಕರನ್ನು ಕೊಲ್ಲುವುದಕ್ಕೂ ಅಷ್ಟೇ ಕುಖ್ಯಾತವಾಯಿತು. ಐರ್ಲೆಂಡಿನ ಹ್ಯಾರಿ ಫರ್ಗುಸನ್ ಈ ತೊಂದರೆಗೆ ಉತ್ತರವನ್ನು ನೇಗಿಲು ಮತ್ತು ಟ್ರ್ಯಾಕ್ಟರಿನ ಜೋಡಣೆಯಲ್ಲಿಯೇ ಹುಡುಕಿದ. ಕೆಳಗೆ ಎರಡು, ಮೇಲೆ ಒಂದು ಹೀಗೆ ಮೂರು ತೋಳುಗಳಿಂದ ಉಪಕರಣವನ್ನು ಹಿಡಿದು, ನೇಗಿಲಿನ ಮೇಲೆ ಬೀಳುವ ನೆಲದ ತಡೆ ಮೂತಿಯನ್ನು ಎತ್ತುವ ಬದಲು ಕೆಳಕ್ಕೆ ಒತ್ತುವಂತೆ ಅವನು ಮಾಡಿದ ಏರ್ಪಾಟು, 1936ರ ಫರ್ಗುಸನ್-ಬ್ರೌನ್ ಮತ್ತು 1939ರ ಫೋರ್ಡ್-ಫರ್ಗುಸನ್ ಟ್ರ್ಯಾಕ್ಟರುಗಳ ಮೂಲಕ ಹರಡಿ, ಈಗ ಕರ್ನಾಟಕದ ಯಾವ ಹಳ್ಳಿಯ ಟ್ರ್ಯಾಕ್ಟರಿನ ಹಿಂಭಾಗದಲ್ಲಿಯೂ ಕಾಣುವ ಮೂರು ಬಿಂದುಗಳ ಲಿಂಕೇಜ್ ಆಗಿದೆ. ಫೋರ್ಡ್‌ಸನ್ ಕಾಲದ ಚಾಲಕರಿಗೆ ಎಷ್ಟೇ ಎಚ್ಚರ ಹೇಳಿದ್ದರೂ ಸಿಗದಿದ್ದ ರಕ್ಷಣೆ ಈ ಮೂರು ಕಬ್ಬಿಣದ ತೋಳುಗಳಿಂದ ಸಿಕ್ಕಿತು. ಸರಪಳಿಯನ್ನು ಮೇಲಿನ ತೋಳಿಗೆ ಕಟ್ಟಿ ದಿಮ್ಮಿ ಎಳೆಯುವವರು ತಮಗೆ ತಿಳಿಯದಂತೆಯೇ ಆ ರಕ್ಷಣೆಯನ್ನು ಕಳಚಿ ಮತ್ತೆ 1917ಕ್ಕೆ ಹಿಂದಿರುಗುತ್ತಾರೆ.

ಇಳಿಯುವಾಗಿನ ಅಪಾಯದ ಸ್ವರೂಪ ಬೇರೆಯಾದದ್ದು. ಎರಡು ಚಕ್ರಗಳಿಗೆ ಮಾತ್ರ ಎಂಜಿನ್ ಶಕ್ತಿಯಿರುವ ಟ್ರ್ಯಾಕ್ಟರಿನಲ್ಲಿ ಬ್ರೇಕೂ ಹಿಂದಿನ ಚಕ್ರಗಳಿಗೇ ಇರುತ್ತದೆ. ಅದೂ ಹೊಲದ ತಿರುವಿಗೆ ಅನುಕೂಲವಾಗಲೆಂದು ಎಡಕ್ಕೊಂದು ಬಲಕ್ಕೊಂದು ಪೆಡಲ್ ಇದ್ದು, ರಸ್ತೆಯಲ್ಲಿ ಅವೆರಡನ್ನೂ ಕೊಂಡಿಯಿಂದ ಜೋಡಿಸಿಕೊಳ್ಳಬೇಕಾಗುತ್ತದೆ. ಕೊಂಡಿ ಹಾಕುವುದನ್ನು ಮರೆತು ಇಳಿಜಾರಿನಲ್ಲಿ ಒಂದೇ ಪೆಡಲನ್ನು ಒತ್ತಿದರೆ ಟ್ರ್ಯಾಕ್ಟರ್ ಗಿರಕ್ಕನೆ ಅಡ್ಡ ತಿರುಗುತ್ತದೆ, ಹಿಂದಿರುವ ಲೋಡಾದ ಟ್ರೈಲರ್ ಅದನ್ನು ಪಕ್ಕದಿಂದ ತಳ್ಳಿ ಕೆಡವುತ್ತದೆ. ನಮ್ಮಲ್ಲಿ ಓಡಾಡುವ ಟ್ರೈಲರುಗಳಲ್ಲಿ ಎಷ್ಟೋ ಸ್ವಂತ ಬ್ರೇಕಿಲ್ಲದವು, ಆದ್ದರಿಂದ ಎರಡು ಟನ್ನಿನ ಆಸುಪಾಸಿನ ಟ್ರ್ಯಾಕ್ಟರ್ ತನಗಿಂತ ಹೆಚ್ಚು ತೂಕದ ಹೊರೆಯನ್ನು ತನ್ನ ಎರಡು ಚಕ್ರಗಳಿಂದಲೇ ಹಿಡಿದು ನಿಲ್ಲಿಸಬೇಕಾಗುತ್ತದೆ. ಅದನ್ನು ಹಿಡಿಯಬಲ್ಲ ನಿಜವಾದ ಶಕ್ತಿ ಎಂಜಿನ್ನಿನ ತಡೆ ಮಾತ್ರ. ಅದು ದೊರೆಯಬೇಕಾದರೆ ಇಳಿಯುವ ಮೊದಲೇ ಕೆಳಗಿನ ಗೇರಿಗೆ ಹಾಕಿ, ಪೂರ್ತಿ ಇಳಿಯುವವರೆಗೂ ಕ್ಲಚ್ ಮುಟ್ಟದೆ ಇರಬೇಕು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯಬಿಡುವ ಅಭ್ಯಾಸ ಆ ಒಂದೇ ತಡೆಯನ್ನೂ ಕಳೆದುಹಾಕುತ್ತದೆ, ವೇಗ ಏರಿದ ಮೇಲೆ ಗೇರಿಗೆ ಹಾಕಲು ಯತ್ನಿಸಿದರೆ ಗೇರು ಕೂರುವುದೂ ಇಲ್ಲ. ನಾಲ್ಕು ಚಕ್ರ ಚಾಲನೆಯ ಟ್ರ್ಯಾಕ್ಟರ್ ಇದ್ದವರು ಹತ್ತುವಾಗ ಹಾಕಿಕೊಳ್ಳುವ ಆ ಲಿವರನ್ನು ಇಳಿಯುವಾಗಲೂ ಹಾಕಿಕೊಂಡರೆ ಮುಂದಿನ ಚಕ್ರಗಳೂ ತಡೆಯಲು ನೆರವಾಗುತ್ತವೆ. ಮಲೆನಾಡಿನ ಸಣ್ಣ ಹಿಡುವಳಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಪವರ್ ಟಿಲ್ಲರಿನಲ್ಲಂತೂ ಇನ್ನೊಂದು ವಿಚಿತ್ರವಿದೆ. ಅದರ ಹಿಡಿಯಲ್ಲಿರುವ ತಿರುವಿನ ಕ್ಲಚ್ಚನ್ನು ಅದುಮಿದಾಗ ಆ ಬದಿಯ ಚಕ್ರಕ್ಕೆ ಶಕ್ತಿ ನಿಂತು ಮಟ್ಟನೆಲದಲ್ಲಿ ಯಂತ್ರ ಅದೇ ಬದಿಗೆ ತಿರುಗುತ್ತದೆ. ಕಡಿದಾದ ಇಳಿಕೆಯಲ್ಲಾದರೆ ಶಕ್ತಿ ಕಡಿದುಕೊಂಡ ಚಕ್ರ ಎಂಜಿನ್ನಿನ ತಡೆಯಿಂದಲೂ ಬಿಡುಗಡೆಯಾಗಿ ವೇಗವಾಗಿ ಉರುಳುವುದರಿಂದ ಯಂತ್ರ ಎದುರು ಬದಿಗೆ ತಿರುಗುತ್ತದೆ. ಇದನ್ನು ಯಾರೂ ಹೇಳಿಕೊಡದೆ ಕೈಗೆ ಟಿಲ್ಲರ್ ಕೊಟ್ಟು ದರೆಯಂಚಿನ ದಾರಿಯಲ್ಲಿ ಇಳಿಸು ಎಂದರೆ, ಆ ಕೆಲಸಗಾರ ದರೆಯಿಂದ ದೂರ ಸರಿಯಲು ಮಾಡುವ ಪ್ರಯತ್ನವೇ ಅವನನ್ನು ದರೆಗೆ ಇಳಿಸುತ್ತದೆ.

ಎಷ್ಟೇ ಎಚ್ಚರ ವಹಿಸಿದರೂ ಕೆಲವು ಟ್ರ್ಯಾಕ್ಟರುಗಳು ಮಗುಚಿಯೇ ತೀರುತ್ತವೆ ಎಂಬುದನ್ನು ಒಪ್ಪಿಕೊಂಡ ದೇಶಗಳು, ಮಗುಚಿದರೂ ಮನುಷ್ಯ ಸಾಯಬಾರದೆಂಬ ಇನ್ನೊಂದು ಗುರಿಯನ್ನು ಇಟ್ಟುಕೊಂಡವು. ಚಾಲಕನ ಸೀಟಿನ ಹಿಂದೆ ಅಥವಾ ಸುತ್ತ ನಿಲ್ಲಿಸುವ ಉಕ್ಕಿನ ಚೌಕಟ್ಟನ್ನು ರೋಪ್ಸ್ ಎಂಬ ಚುಟುಕು ಹೆಸರಿನಿಂದ ಗುರುತಿಸುತ್ತಾರೆ; ಅದರ ಜೊತೆಗೆ ಸೀಟ್ ಬೆಲ್ಟ್ ಇರಬೇಕು. ಚೌಕಟ್ಟು ಮಗುಚುವುದನ್ನು ತಡೆಯುವುದಿಲ್ಲ. ಮಗುಚಿದಾಗ ಚಾಲಕನ ಸುತ್ತ ಒಂದಿಷ್ಟು ಜಾಗವನ್ನು ಜಜ್ಜಿಹೋಗದಂತೆ ಉಳಿಸುತ್ತದೆ, ಬೆಲ್ಟು ಅವನನ್ನು ಆ ಜಾಗದೊಳಗೆ ಹಿಡಿದಿಡುತ್ತದೆ. ಸ್ವೀಡನ್ 1959ರಲ್ಲಿ ಹೊಸ ಟ್ರ್ಯಾಕ್ಟರುಗಳಿಗೆಲ್ಲ ಇದನ್ನು ಕಡ್ಡಾಯ ಮಾಡಿ, ಮುಂದೆ ಹಂತಹಂತವಾಗಿ ಹಳೆಯವನ್ನೂ ಅದರ ವ್ಯಾಪ್ತಿಗೆ ತಂದ ಪರಿಣಾಮವಾಗಿ ಕೆಲವು ದಶಕಗಳಲ್ಲಿ ಅಲ್ಲಿ ಮಗುಚಿ ಸಾಯುವವರ ಸಂಖ್ಯೆ ಅತಿ ವಿರಳವಾಯಿತು. ಅಮೆರಿಕದಲ್ಲಿ 1976ರ ನಂತರ ತಯಾರಾದ, ಸಂಬಳದ ಕೆಲಸಗಾರರು ಓಡಿಸುವ ಟ್ರ್ಯಾಕ್ಟರುಗಳಿಗೆ ಮಾತ್ರ ನಿಯಮ ಅನ್ವಯವಾಗಿ, ಮನೆಯವರೇ ಓಡಿಸುವ ಹಳೆಯ ಟ್ರ್ಯಾಕ್ಟರುಗಳು ಹೊರಗುಳಿದದ್ದರಿಂದ ಅಲ್ಲಿ ಸಾವುಗಳು ದೀರ್ಘಕಾಲ ಮುಂದುವರಿದವು. ಎರಡೂ ದೇಶಗಳ ಚಾಲಕರ ಸಾಮರ್ಥ್ಯದಲ್ಲಿ ಅಂತಹ ಅಂತರವೇನೂ ಇರಲಿಲ್ಲ. ಅಂತರವಿದ್ದದ್ದು ನಿಯಮದ ವ್ಯಾಪ್ತಿಯಲ್ಲಿ.

ಭಾರತದಲ್ಲಿ ಬಹುಪಾಲು ಟ್ರ್ಯಾಕ್ಟರುಗಳು ಇಂದಿಗೂ ಈ ಚೌಕಟ್ಟಿಲ್ಲದೆಯೇ ಹೊಲಕ್ಕೆ ಇಳಿಯುತ್ತವೆ, ಆದರೆ ನಮ್ಮ ಕಂಪನಿಗಳೇ ಅಮೆರಿಕಕ್ಕೆ ಕಳಿಸುವ ಟ್ರ್ಯಾಕ್ಟರುಗಳ ಮೇಲೆ ಅದು ಇರುತ್ತದೆ. ತಯಾರಿಕೆಯ ಜ್ಞಾನವಿಲ್ಲವೆಂಬ ಮಾತು ಇದರಿಂದ ಬಿದ್ದುಹೋಗುತ್ತದೆ. ಉಳಿಯುವ ಆಕ್ಷೇಪಗಳಲ್ಲಿ ಒಂದು ಬೆಲೆಯದು. ಲಕ್ಷಗಟ್ಟಲೆ ಬೆಲೆಯ ಯಂತ್ರಕ್ಕೆ ಸೇರುವ ಆ ಮೊತ್ತವನ್ನು ಮನೆಯ ದುಡಿಯುವ ಆಳನ್ನು ಕಳೆದುಕೊಳ್ಳುವ ನಷ್ಟದೊಂದಿಗೆ ತೂಗಿ ನೋಡಿದವರು ಈ ಆಕ್ಷೇಪವನ್ನು ಎತ್ತಲಾರರು. ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು: ಕಾಫಿ ತೋಟದ ನೆರಳುಮರಗಳ ಕೊಂಬೆಗೆ, ಅಡಿಕೆಯ ಸೋಗೆಗೆ ಚೌಕಟ್ಟು ತಗಲುತ್ತದೆ. ಇದಕ್ಕೆ ಮಡಚುವ ಚೌಕಟ್ಟುಗಳಿವೆ. ಆದರೆ ಮಡಚಿದ ಚೌಕಟ್ಟು ಇಲ್ಲದ್ದಕ್ಕೆ ಸಮವಾದ್ದರಿಂದ ಕೊಂಬೆಯಡಿಯಿಂದ ಹೊರಬಂದೊಡನೆ ಅದನ್ನು ಎತ್ತಿ ನಿಲ್ಲಿಸುವ ಶಿಸ್ತು ಬೇಕಾಗುತ್ತದೆ, ಮಡಚಿರುವ ಹೊತ್ತಿನಲ್ಲಿ ಬೆಲ್ಟನ್ನು ಹಾಕಿಕೊಳ್ಳಲೂಬಾರದು, ಯಾಕೆಂದರೆ ಚೌಕಟ್ಟಿಲ್ಲದ ಟ್ರ್ಯಾಕ್ಟರಿನಲ್ಲಿ ಬೆಲ್ಟು ಚಾಲಕನನ್ನು ಯಂತ್ರದಡಿಗೇ ಕಟ್ಟಿಹಾಕುತ್ತದೆ. ಮಗುಚುವಾಗ ಹಾರಿಕೊಳ್ಳುತ್ತೇವೆ ಎಂಬ ಮೂರನೆಯ ವಾದಕ್ಕೆ ಮೇಲೆ ಹೇಳಿದ ಒಂದೂವರೆ ಸೆಕೆಂಡಿನ ಲೆಕ್ಕವೇ ಉತ್ತರ. ಹಾರುವ ಮನುಷ್ಯ ಸಾಮಾನ್ಯವಾಗಿ ತಗ್ಗಿನ ಕಡೆಗೇ ಹಾರುತ್ತಾನೆ, ಯಂತ್ರವೂ ಅಲ್ಲಿಗೇ ಬರುತ್ತದೆ. ಬಿಸಿಲಿಗೆಂದು ಹಾಕಿಸುವ ಫೈಬರ್ ಚಾವಣಿಯನ್ನಾಗಲಿ, ಊರಿನ ವರ್ಕ್‌ಶಾಪಿನಲ್ಲಿ ಪೈಪು ಬಗ್ಗಿಸಿ ವೆಲ್ಡ್ ಮಾಡಿಸಿದ ಕಮಾನನ್ನಾಗಲಿ ಈ ಚೌಕಟ್ಟಿನ ಬದಲಿಯೆಂದು ಭಾವಿಸುವುದು ಬಹಳ ಅಪಾಯಕಾರಿ. ನಿಜವಾದ ಚೌಕಟ್ಟು ಎಷ್ಟು ಹೊಡೆತಕ್ಕೆ ಎಷ್ಟು ಬಾಗಬೇಕು, ಚಾಲಕನ ಜಾಗಕ್ಕೆ ಎಲ್ಲಿಯವರೆಗೆ ಮಾತ್ರ ಬರಬಹುದು ಎಂಬುದನ್ನು ಪರೀಕ್ಷಿಸಿ ಒಪ್ಪಿದ ವಸ್ತು; ಅದಕ್ಕೆ ದೀಪ ಕೂರಿಸಲೆಂದು ಒಂದು ತೂತು ಕೊರೆದರೂ ಆ ಪರೀಕ್ಷೆಯ ಬೆಲೆ ಹೋಗುತ್ತದೆ.

ನೆಲದ ಬಳಕೆಗೆ ಬಂದರೆ ಇಲ್ಲಿ ಒಂದು ನಿಜವಾದ ಇಕ್ಕಟ್ಟಿದೆ. ಮಣ್ಣಿನ ಸಂರಕ್ಷಣೆಯ ಶಾಸ್ತ್ರ ಇಳಿಜಾರಿಗೆ ಅಡ್ಡಲಾಗಿ ಉಳಬೇಕೆನ್ನುತ್ತದೆ, ಹಾಗೆ ಉತ್ತ ಸಾಲುಗಳು ಹರಿಯುವ ನೀರಿಗೆ ಸಣ್ಣ ತಡೆಗಳಾಗಿ ಮೇಲ್ಮಣ್ಣನ್ನು ಉಳಿಸುತ್ತವೆ. ಟ್ರ್ಯಾಕ್ಟರಿನ ಸುರಕ್ಷತೆಯ ಶಾಸ್ತ್ರವಾದರೋ ಅಡ್ಡಲಾಗಿ ಹೋಗುವುದೇ ಪಕ್ಕಕ್ಕೆ ಉರುಳುವ ದಾರಿಯೆಂದೂ, ಇಳಿಜಾರಿನ ಉದ್ದಕ್ಕೆ ನೇರವಾಗಿ ಹತ್ತಿಳಿಯುವುದು ಲೇಸೆಂದೂ, ಬಹಳ ಕಡಿದಾದಲ್ಲಿ ಹಿಂದುಹಿಂದಾಗಿ ಹತ್ತಿ ಮುಂದಾಗಿ ಇಳಿಯಬೇಕೆಂದೂ ಹೇಳುತ್ತದೆ. ಎತ್ತಿನ ಉಳುಮೆಯ ಕಾಲದಲ್ಲಿ ಈ ವಿರೋಧವೇ ಇರಲಿಲ್ಲ, ಎತ್ತುಗಳು ಅಡ್ಡ ಇಳಿಜಾರಿನಲ್ಲಿ ಕಾಲೂರಿ ನಡೆಯಬಲ್ಲವಾಗಿದ್ದವು. ಇಂದು ಎರಡು ಶಾಸ್ತ್ರಗಳಲ್ಲಿ ಒಂದನ್ನು ಕೈಬಿಡಬೇಕಾದ ಸ್ಥಿತಿ ಬಂದಂತೆ ತೋರುತ್ತದೆ, ಮಲೆನಾಡಿನ ಎಷ್ಟೋ ಶುಂಠಿ ಹೊಲಗಳಲ್ಲಿ ಸಾಲುಗಳು ಇಳಿಜಾರಿನುದ್ದಕ್ಕೆ ಬಿದ್ದು ಮೊದಲ ಮಳೆಗೇ ಕೆಂಪು ನೀರು ಹಳ್ಳಕ್ಕೆ ಇಳಿಯುವುದನ್ನು ಕಾಣಬಹುದು. ಆದರೆ ಈ ಇಕ್ಕಟ್ಟನ್ನು ಇನ್ನೊಂದು ಕಡೆಯಿಂದಲೂ ಓದಲು ಸಾಧ್ಯವಿದೆ. ಅಡ್ಡಲಾಗಿ ಟ್ರ್ಯಾಕ್ಟರ್ ಓಡಿಸಲಾಗದಷ್ಟು ಕಡಿದಾದ ನೆಲ ವರ್ಷವರ್ಷವೂ ಉಳುಮೆಗೆ ಒಳಗಾಗಬೇಕಾದ ನೆಲವೇ ಅಲ್ಲ. ಭೂಮಿಯನ್ನು ಸಾಮರ್ಥ್ಯಕ್ಕನುಗುಣವಾಗಿ ಎಂಟು ವರ್ಗಗಳಾಗಿ ವಿಂಗಡಿಸುವ ಪದ್ಧತಿಯಲ್ಲಿ ಮೊದಲ ನಾಲ್ಕನ್ನು ಮಾತ್ರ ಸಾಗುವಳಿಗೆ ಯೋಗ್ಯವೆಂದು ಎಣಿಸಿ ಉಳಿದವನ್ನು ಹುಲ್ಲಿಗೂ ಮರಗಳಿಗೂ ಬಿಡುವುದರ ಹಿಂದೆ ಇಳಿಜಾರಿನ ವಿಚಾರವೂ ಇದೆ. ಅಂತಹ ನೆಲವನ್ನು ಮೆಟ್ಟಿಲುಗಳಾಗಿ ತಿದ್ದಬೇಕು, ಇಲ್ಲವೇ ಉಳುಮೆ ಬೇಡದ ಮರಬೆಳೆಗೆ ಬಿಡಬೇಕು. ಚಾಲಕನ ಜೀವವನ್ನು ಉಳಿಸುವ ಈ ತೀರ್ಮಾನವೇ ಮಣ್ಣನ್ನೂ ಉಳಿಸುತ್ತದೆ. ತೋಟದೊಳಗಿನ ದಾರಿಗಳ ವಿಷಯವೂ ಹೀಗೆಯೇ. ದರೆಯಂಚಿನಿಂದ ದಾರಿಯನ್ನು ಒಳಕ್ಕೆ ಸರಿಸುವುದು, ತಿರುವಿನಲ್ಲಿ ಅಗಲಗೊಳಿಸುವುದು, ಹುಲ್ಲು ಮುಚ್ಚಿದ ಗುಳಿಗಳನ್ನು ಬೇಸಿಗೆಯಲ್ಲಿ ತುಂಬಿಸುವುದು, ಹಳೆಯ ಬುಡಗಳನ್ನು ಕಿತ್ತುಹಾಕಿಸುವುದು ಮಾಲೀಕ ಮಾಡಿಸಬೇಕಾದ ಕೆಲಸಗಳೇ ಹೊರತು ಚಾಲಕ ಮಾಡಬಲ್ಲವಲ್ಲ.

ಟ್ರ್ಯಾಕ್ಟರನ್ನು ಕೊಳ್ಳುವಾಗಲೂ ಇದೇ ಮಾತು ಅನ್ವಯಿಸುತ್ತದೆ. ಮಧ್ಯಪ್ರದೇಶದ ಬುದನಿಯಲ್ಲಿರುವ ಕೇಂದ್ರೀಯ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ಹೊರತರುವ ವರದಿಗಳಲ್ಲಿ ಗುರುತ್ವ ಕೇಂದ್ರ ಎಲ್ಲಿದೆಯೆಂಬ ಅಳತೆಯೂ ಇರುತ್ತದೆ. ಷೋರೂಮಿನಲ್ಲಿ ನಡೆಯುವ ಮಾತುಕತೆ ಮಾತ್ರ ಎಷ್ಟು ಎಚ್‌ಪಿ, ಎಷ್ಟು ಡೀಸೆಲ್ ಕುಡಿಯುತ್ತದೆ, ಎಷ್ಟು ತೂಕ ಎತ್ತುತ್ತದೆ ಎಂಬಲ್ಲಿಗೆ ಮುಗಿಯುತ್ತದೆ. ಇಳಿಜಾರಿನ ಜಮೀನಿಗೆ ಕೊಳ್ಳುವವರು ಕೇಳಬೇಕಾದದ್ದು ಆ ಬಿಂದುವಿನ ಎತ್ತರವನ್ನು, ಹಿಂಚಕ್ರಗಳ ನಡುವಿನ ಅಗಲವನ್ನು ಎಷ್ಟರವರೆಗೆ ಹೆಚ್ಚಿಸಬಹುದೆಂಬುದನ್ನು, ಚೌಕಟ್ಟು ಸಿಗುತ್ತದೆಯೇ ಎಂಬುದನ್ನು. ರಿಮ್ಮನ್ನು ತಿರುಗಿಸಿ ಕೂರಿಸಿ ಅಗಲ ಹೆಚ್ಚಿಸುವುದು, ಹಿಂದಿನ ಟೈರಿಗೆ ನೀರು ತುಂಬಿಸಿ ತೂಕವನ್ನು ಕೆಳಕ್ಕೆ ತರುವುದು ಖರ್ಚಿಲ್ಲದ ಕೆಲಸಗಳು. ರಸ್ತೆಯ ಓಡಾಟಕ್ಕೆ ತೊಡಕಾಗುತ್ತದೆಂದು ಅವನ್ನು ಯಾರೂ ಮಾಡಿಸುವುದಿಲ್ಲ.

ಯಂತ್ರದ ಅಪಾಯಕ್ಕೆ ಬಳಸುವವನನ್ನು ಮಾತ್ರ ಹೊಣೆ ಮಾಡದೆ ತಯಾರಕನನ್ನೂ ಹೊಣೆ ಮಾಡುವುದು ಈ ದೇಶದ ಕಾನೂನಿಗೆ ಹೊಸದೇನೂ ಅಲ್ಲ. ಒಕ್ಕಣೆ ಯಂತ್ರಗಳು ಕೂಲಿಗಳ ಕೈಗಳನ್ನು ಕತ್ತರಿಸಿಹಾಕುತ್ತಿದ್ದ ಕಾಲದಲ್ಲಿ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯನ್ನು ಮಾಡಿ, ಅಂತಹ ಯಂತ್ರಗಳ ತಯಾರಿಕೆಯನ್ನೂ ಮಾರಾಟವನ್ನೂ ನಿಯಮಕ್ಕೆ ಒಳಪಡಿಸಿತು. ತೆನೆ ತುರುಕುವ ಕೈ ಒಳಗೆ ಹೋಗದಂತೆ ಬಾಯಿಯನ್ನು ರೂಪಿಸುವುದು ತಯಾರಕನ ಕರ್ತವ್ಯವಾದರೆ, ಮಗುಚಿದ ಯಂತ್ರದಡಿ ಮನುಷ್ಯ ಜಜ್ಜಿಹೋಗದಂತೆ ಸೀಟಿನ ಸುತ್ತ ಜಾಗ ಉಳಿಸುವುದೂ ಅದೇ ನ್ಯಾಯದಿಂದ ಅವನ ಕರ್ತವ್ಯವಾಗಬೇಕು. ಕೃಷಿ ಯಾಂತ್ರೀಕರಣಕ್ಕೆ ಸರ್ಕಾರ ಸಹಾಯಧನ ಕೊಡುವ ಕಡೆಗಳಲ್ಲಾದರೂ, ಸಾರ್ವಜನಿಕರ ಹಣದಿಂದ ಕೊಂಡ ಟ್ರ್ಯಾಕ್ಟರಿಗೆ ಚೌಕಟ್ಟು ಮತ್ತು ಬೆಲ್ಟು ಇರಲೇಬೇಕೆಂಬ ಷರತ್ತನ್ನು ಹಾಕಲು ಹೊಸ ಕಾಯ್ದೆಯೂ ಬೇಕಾಗುವುದಿಲ್ಲ.

ಕೊನೆಯದಾಗಿ ದುಡಿಮೆಯ ಕರಾರು. ಇಳಿಜಾರಿನಲ್ಲಿ ಟ್ರ್ಯಾಕ್ಟರ್ ಓಡಿಸುವವನು ಬಹಳ ಸಲ ಅದರ ಮಾಲೀಕನಲ್ಲ. ಟ್ರಿಪ್ಪಿಗೆ ಇಷ್ಟು ಅಥವಾ ಎಕರೆಗೆ ಇಷ್ಟು ಎಂಬ ಬಾಡಿಗೆಗೆ ಬಂದವನು. ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿಯಿರುವಾಗ ಕೆಳಗಿನ ಗೇರಿನಲ್ಲಿ ನಿಧಾನವಾಗಿ ಇಳಿದವನಿಗೆ ನಷ್ಟವಾಗುತ್ತದೆ, ಎಕರೆಯ ಲೆಕ್ಕದಲ್ಲಿ ಇಳಿಜಾರನ್ನು ಮೊದಲು ನಡೆದು ನೋಡಿ ಕಲ್ಲು ಗುಳಿಗಳನ್ನು ಗುರುತಿಸಿಕೊಂಡವನ ಗಂಟೆ ವ್ಯರ್ಥವಾಗುತ್ತದೆ, ಕತ್ತಲಾದ ಮೇಲೂ ಮುಗಿಸಿಕೊಟ್ಟವನಿಗೆ ಮುಂದಿನ ಕೆಲಸ ಸಿಗುತ್ತದೆ. ನಿಧಾನವನ್ನು ದಂಡಿಸುವ ಕೂಲಿಯನ್ನು ಕೊಟ್ಟು ನಿಧಾನವಾಗಿ ಓಡಿಸೆಂದು ಬುದ್ಧಿ ಹೇಳುವುದು ಅವನಿಗೆ ಮಾಡುವ ಅನ್ಯಾಯ. ಟ್ರೈಲರಿನ ಮೇಲೆ ಹೆಣ್ಣಾಳುಗಳನ್ನು ಕೂರಿಸಿಕೊಂಡು ತೋಟಕ್ಕೆ ಇಳಿಸೆಂದು, ಮಡ್‌ಗಾರ್ಡಿನ ಮೇಲೆ ಇನ್ನಿಬ್ಬರನ್ನು ಹತ್ತಿಸಿಕೊಳ್ಳೆಂದು ಹೇಳುವವನೂ ಅವನಲ್ಲ. ಬೇಡವೆಂದರೆ ಕೆಲಸ ಹೋಗುತ್ತದೆಂಬುದು ಅವನಿಗೆ ಗೊತ್ತಿರುತ್ತದೆ. ಆದ್ದರಿಂದ ಇಳಿಜಾರಿನ ಕೆಲಸಕ್ಕೆ ಟ್ರಿಪ್ಪು ಮತ್ತು ಎಕರೆಯ ಬದಲು ಗಂಟೆಯ ಬಾಡಿಗೆ, ಕೆಲಸ ಹಿಡಿಯುವ ಮೊದಲು ಜಮೀನನ್ನು ನಡೆದು ನೋಡುವ ಹೊತ್ತಿಗೂ ಹಣ, ನೋಡಿದ ಮೇಲೆ ಇಲ್ಲಿ ಯಂತ್ರ ಇಳಿಯದೆಂದು ಹೇಳಿದರೆ ಆ ಮಾತಿಗೆ ಒಪ್ಪಿಗೆ, ಈ ಮೂರನ್ನು ಬಾಡಿಗೆಯ ಕರಾರಿನಲ್ಲಿಯೇ ಸೇರಿಸುವುದು ಅವಶ್ಯಕವಾಗಿದೆ. ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಬಾಡಿಗೆಯ ದರಪಟ್ಟಿಯನ್ನು ಗೋಡೆಗೆ ಬರೆಸುವಾಗ ಮಲೆನಾಡಿನ ಹೋಬಳಿಗಳಲ್ಲಿ ಇಳಿಜಾರಿನ ಜಮೀನಿಗೆ ಪ್ರತ್ಯೇಕ ದರವನ್ನೂ, ಯಂತ್ರ ಇಳಿಯಬಾರದ ಕಡಿದಾದ ನೆಲದ ಮಿತಿಯನ್ನೂ ಅದೇ ಗೋಡೆಯ ಮೇಲೆ ಬರೆಸಿದರೆ, ಇಳಿಸಲಾರೆನೆಂದು ಹೇಳುವ ಚಾಲಕ ತನ್ನ ಧೈರ್ಯಕ್ಕೆ ಸಾಕ್ಷಿ ಹುಡುಕಬೇಕಾಗಿ ಬರುವುದಿಲ್ಲ.